ಹೇಳುವ ಹೊತ್ತು, ಹೇಳದಿರುವ ಹೊತ್ತು



2023ರ ಆಗಸ್ಟ್ 20, ಭಾನುವಾರ. ಆಸ್ಟ್ರೇಲಿಯಾದ ಸಿಡ್ನಿ ನಗರದಲ್ಲಿ ಮಹಿಳೆಯರ ವಿಶ್ವಕಪ್ ಫುಟ್‌ಬಾಲ್ ಪಂದ್ಯಾವಳಿಯ ಅಂತಿಮ ಪಂದ್ಯ. ಆಟ ಆರಂಭವಾದಾಗ ನಮ್ಮಲ್ಲಿ ಮಧ್ಯಾಹ್ನ ಮೂರೂವರೆ ಗಂಟೆ. ಕ್ರೀಡಾಂಗಣದಲ್ಲಿ 75,784 ಪ್ರೇಕ್ಷಕರು. ಒಂದು ಕಡೆ ಇಂಗ್ಲೆಂಡ್, ಇನ್ನೊಂದು ಕಡೆ ಸ್ಪೇನ್. ಇಬ್ಬರಿಗೂ ಅದು ಮೊಟ್ಟಮೊದಲ ಫೈನಲ್.

29ನೆಯ ನಿಮಿಷದಲ್ಲಿ ಸ್ಪೇನ್ ತಂಡದ ನಾಯಕಿ, 23 ವರ್ಷದ ಓಲ್ಗಾ ಕಾರ್ಮೋನಾ ಎಡಬದಿಯಿಂದ ಓಡಿಬಂದು ಎಡಗಾಲಿನಿಂದ ಚೆಂಡನ್ನು ಗೋಲಿಗೆ ಒದ್ದರು. ಆ ದಿನದ ಏಕೈಕ ಗೋಲು ಅದು. ಅದಕ್ಕೆ ಐದು ದಿನಗಳ ಮುಂಚೆ, ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದ ದಿನವೇ, ಸ್ವೀಡನ್ ವಿರುದ್ಧದ ಸೆಮಿಫೈನಲ್‌ನಲ್ಲಿ ಗೆಲುವಿನ ಗೋಲು ಹೊಡೆದವರೂ ಇವರೇ. ಫೈನಲ್‌ನಲ್ಲಿ ಗೋಲು ಹೊಡೆದ ಕೂಡಲೇ ಓಲ್ಗಾ ತಮ್ಮ ಅಂಗಿಯನ್ನು ಮೇಲೆತ್ತಿ ಒಳಗಿನ ಅಂಗಿಯ ಮೇಲೆ ಬರೆದಿದ್ದ ಹೆಸರೊಂದನ್ನು ತೋರಿಸಿದರು. ಅದು ಆಗಷ್ಟೇ ಇತ್ತೀಚೆಗೆ ತೀರಿಕೊಂಡಿದ್ದ, ತಮ್ಮ ಆಪ್ತ ಗೆಳತಿಯ ತಾಯಿಯ ಹೆಸರು.

ಆದರೆ ಅವರಿಗೆ ತಿಳಿಯದ ಸಂಗತಿಯೊಂದಿತ್ತು. ದೀರ್ಘಕಾಲದಿಂದ ಅಸ್ವಸ್ಥರಾಗಿದ್ದ ಅವರ ಸ್ವಂತ ತಂದೆ ಆ ಶುಕ್ರವಾರವೇ ತೀರಿಕೊಂಡಿದ್ದರು. ಮಗಳು ಕಾದಿದ್ದ ದಿನವನ್ನು ಕಿತ್ತುಕೊಳ್ಳಬಾರದೆಂದು ಮನೆಯವರು ಆ ಸುದ್ದಿಯನ್ನು ತಡೆಹಿಡಿದಿದ್ದರು. ಪಂದ್ಯ ಮುಗಿದು, ಕಪ್ಪು ಕೈಗೆ ಬಂದ ಮೇಲೆಯೇ ಅವರಿಗೆ ಹೇಳಲಾಯಿತು. ಗೆಳತಿಯ ತಾಯಿಗಾಗಿ ಮರುಗಿದ ಮಗಳು, ತನ್ನ ತಂದೆಯಿಲ್ಲವೆಂದು ತಿಳಿಯದೆಯೇ ತೊಂಬತ್ತು ನಿಮಿಷ ಆಡಿದ್ದಳು.

ಈಗ ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ. ಆ ಮನೆಯವರು ಮಾಡಿದ್ದು ಸರಿಯೇ?

ಇದು ದೂರದ ಸ್ಪೇನಿನ ಪ್ರಶ್ನೆಯಷ್ಟೇ ಅಲ್ಲ. ಗಲ್ಫ್‌ನಲ್ಲಿರುವ ಮಗನಿಗೆ ತಾಯಿಯ ಕಾಯಿಲೆಯನ್ನು ನಾವು ತಿಳಿಸುವುದಿಲ್ಲ. ಪರೀಕ್ಷೆ ಬರೆಯುತ್ತಿರುವ ಮಗಳಿಗೆ ಅಜ್ಜಿಯ ಸಾವನ್ನು ಹೇಳುವುದಿಲ್ಲ. ಕ್ಯಾನ್ಸರ್ ಬಂದವರಿಗೆ "ಏನಿಲ್ಲ, ಗ್ಯಾಸ್ಟ್ರಿಕ್" ಎನ್ನುತ್ತೇವೆ. ಎಲ್ಲವನ್ನೂ ಪ್ರೀತಿಯಿಂದಲೇ ಮಾಡುತ್ತೇವೆ. ಆದರೆ ಪ್ರೀತಿಯಿಂದ ಮಾಡಿದ್ದೆಲ್ಲವೂ ಸರಿಯೇ?

ಧರ್ಮಸಭೆ ಏನು ಹೇಳುತ್ತದೆ? 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು ಸುಳ್ಳನ್ನು ಎಂದಿಗೂ ಒಪ್ಪುವುದಿಲ್ಲ. ಆದರೆ ಎಲ್ಲ ಸತ್ಯವನ್ನೂ ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ಹೇಳಲೇಬೇಕೆಂದೂ ಅದು ಕಟ್ಟಳೆ ಮಾಡುವುದಿಲ್ಲ. ಹೇಳಬೇಕೋ, ಸುಮ್ಮನಿರಬೇಕೋ ಎಂಬುದನ್ನು ಸತ್ಯದ ಮೇಲಿನ ಗೌರವ ಮತ್ತು ಸೋದರಪ್ರೀತಿ ಎರಡೂ ಸೇರಿ ತೀರ್ಮಾನಿಸಬೇಕೆಂದು ಕಲಿಸುತ್ತದೆ (2488, 2489).

ಶುಭಸಂದೇಶದಲ್ಲೂ ಇದನ್ನೇ ಕಾಣುತ್ತೇವೆ. ಕಡೆಯ ಭೋಜನದ ರಾತ್ರಿ ಯೇಸುಸ್ವಾಮಿ ಶಿಷ್ಯರಿಗೆ, ಹೇಳಬೇಕಾದದ್ದು ಇನ್ನೂ ಬಹಳವಿದ್ದರೂ ಈಗ ಅದನ್ನು ಹೊರಲು ನಿಮ್ಮಿಂದಾಗದು ಎಂಬರ್ಥದ ಮಾತು ಹೇಳುತ್ತಾರೆ (ಯೊವಾನ್ನ 16:12). ಲಾಜರನು ಸತ್ತಾಗ ಮೊದಲು ಆತ ನಿದ್ರಿಸುತ್ತಿದ್ದಾನೆ ಎನ್ನುತ್ತಾರೆ. ಶಿಷ್ಯರು ಅದನ್ನು ತಪ್ಪಾಗಿ ತಿಳಿದುಕೊಂಡಾಗ ಆ ತಪ್ಪನ್ನು ಹಾಗೆಯೇ ಬಿಡುವುದಿಲ್ಲ. ಆತ ಸತ್ತನೆಂದು ಸ್ಪಷ್ಟವಾಗಿ ಹೇಳಿಬಿಡುತ್ತಾರೆ (ಯೊವಾನ್ನ 11:11-14). ಸ್ವಾಮಿ ಹೊತ್ತು ನೋಡಿ ಮಾತನಾಡಿದರು, ಆದರೆ ಯಾರನ್ನೂ ಭ್ರಮೆಯಲ್ಲಿ ಬಿಡಲಿಲ್ಲ.

ಇದರಿಂದ ನಮಗೆ ಮೂರು ಅಳತೆಗೋಲುಗಳು ಸಿಗುತ್ತವೆ.

ಮೊದಲನೆಯದು: ಈ ಮೌನ ಯಾರಿಗಾಗಿ? ಕೇಳಬೇಕಾದವರ ಒಳಿತಿಗೋ, ಅಥವಾ ಹೇಳಲು ನಮಗಿರುವ ಅಂಜಿಕೆಗೋ?

ಎರಡನೆಯದು: ಇದು ಮೌನವೋ, ಸುಳ್ಳೋ? ಸುದ್ದಿಯನ್ನು ತಡೆಹಿಡಿಯುವುದು ಬೇರೆ, ಎದುರಿಗೆ ಕೇಳಿದಾಗ ಕಟ್ಟುಕಥೆ ಹೇಳುವುದು ಬೇರೆ.

ಮೂರನೆಯದು: ಈ ಮೌನಕ್ಕೆ ಕೊನೆಯಿದೆಯೇ? ಓಲ್ಗಾ ಅವರ ಮನೆಯವರ ಮೌನಕ್ಕೆ ಗಡಿಯಿತ್ತು. ಅದು ಎರಡೇ ದಿನದ್ದು; ಪಂದ್ಯದೊಂದಿಗೆ ಮುಗಿಯಿತು. ಆದರೂ, ಆಡಬೇಕೋ ಮನೆಗೆ ಮರಳಬೇಕೋ ಎಂದು ತೀರ್ಮಾನಿಸುವ ಹಕ್ಕು ಮಗಳದ್ದಾಗಿತ್ತು ಎಂದು ಯಾರಾದರೂ ಹೇಳಿದರೆ ಆ ಮಾತನ್ನು ತಳ್ಳಿಹಾಕಲಾಗದು. ಓಲ್ಗಾ ಮಾತ್ರ ಅನಂತರ ಬರೆದ ಸಂದೇಶದಲ್ಲಿ ದೂರಲಿಲ್ಲ. ಪಂದ್ಯ ಆರಂಭವಾಗುವ ಮುನ್ನವೇ ತನಗೊಂದು ನಕ್ಷತ್ರ ದೊರೆತಿತ್ತು, ಬಲ ಕೊಟ್ಟವರು ತಂದೆಯೇ ಎಂಬ ಭಾವದಲ್ಲಿ ಬರೆದರು.

ಈಗ ನಮ್ಮ ಮನೆಗಳಿಗೆ ಬರೋಣ. ನಮ್ಮಲ್ಲಿ ಅತಿ ಹೆಚ್ಚು ಮುಚ್ಚಿಡುವುದು ರೋಗಿಯಿಂದಲೇ, ರೋಗಿಯದೇ ಸತ್ಯವನ್ನು. "ಗುರುಗಳನ್ನು ಕರೆದರೆ ಅಪ್ಪ ಹೆದರುತ್ತಾರೆ" ಎಂದು ತಡಮಾಡುತ್ತೇವೆ. ಕೊನೆಗೆ ಪ್ರಜ್ಞೆ ತಪ್ಪಿದ ಮೇಲೆ ಓಡಿಹೋಗಿ ಕರೆತರುತ್ತೇವೆ. ಆಗ ಪಾಪನಿವೇದನೆ ಮಾಡಲು ನಾಲಗೆಯಿಲ್ಲ, ಪರಮಪ್ರಸಾದ ಸ್ವೀಕರಿಸಲು ಶಕ್ತಿಯಿಲ್ಲ, ಮುನಿಸಿಕೊಂಡ ತಮ್ಮನನ್ನು ಕರೆಸಿ ಕೈಹಿಡಿಯಲು ಸಮಯವಿಲ್ಲ. ಇಲ್ಲಿ ಮೌನ ಕಿತ್ತುಕೊಂಡದ್ದು ಒಂದು ಪಂದ್ಯವನ್ನಲ್ಲ, ಬಾಳಿನ ಕಡೆಯ ಸಿದ್ಧತೆಯನ್ನು.

ರೋಗಿಗಳ ಅಭ್ಯಂಗ ಸಂಸ್ಕಾರ ಸಾಯುವ ಗಳಿಗೆಗೆ ಮಾತ್ರ ಮೀಸಲಲ್ಲ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಸ್ಪಷ್ಟಪಡಿಸಿತು. ಕಾಯಿಲೆಯಿಂದಲೋ ಮುಪ್ಪಿನಿಂದಲೋ ಅಪಾಯ ತೋರತೊಡಗಿದಾಗಲೇ ಅದನ್ನು ಸ್ವೀಕರಿಸಲು ತಕ್ಕ ಕಾಲ. ಸಂತ ಯಕೋಬರು ತಮ್ಮ ಪತ್ರದಲ್ಲಿ (5:14) ಹೇಳುವಂತೆ, ಸಭೆಯ ಹಿರಿಯರನ್ನು ಕರೆಸಬೇಕಾದವನು ರೋಗಿಯೇ. ತನಗೇನಾಗಿದೆಯೆಂದು ತಿಳಿಯದವನು ಹೇಗೆ ಕರೆಸಿಯಾನು?

ಆದ್ದರಿಂದ, ಪ್ರಿಯರೇ, ಹೊತ್ತು ನೋಡಿ ಹೇಳಿರಿ, ಮೆಲ್ಲಗೆ ಹೇಳಿರಿ, ಪಕ್ಕದಲ್ಲಿ ಕುಳಿತು ಕೈಹಿಡಿದು ಹೇಳಿರಿ. ಆದರೆ ಹೊತ್ತು ಮೀರುವ ಮುನ್ನ ಹೇಳಿರಿ.

ಮನೆಯಲ್ಲಿ ಜಪಸರದ ನಂತರ ಚಿಂತಿಸಲು:

1. ನಮ್ಮ ಮನೆಯಲ್ಲಿ ಈಗ ಯಾರಿಂದಲಾದರೂ ಏನನ್ನಾದರೂ ಮುಚ್ಚಿಟ್ಟಿದ್ದೇವೆಯೇ? ಅದು ಯಾರ ಒಳಿತಿಗಾಗಿ?

2. ನನಗೆ ಗಂಭೀರ ಕಾಯಿಲೆ ಬಂದರೆ ನನಗೆ ತಿಳಿಸಬೇಕೆಂದು ಮನೆಯವರಿಗೆ ಹೇಳಿದ್ದೇನೆಯೇ?

3. ನಮ್ಮ ಧರ್ಮಕೇಂದ್ರದಲ್ಲಿ ಹಾಸಿಗೆ ಹಿಡಿದಿರುವ ಯಾರಿಗಾದರೂ ಈ ವಾರವೇ ಗುರುಗಳ ಭೇಟಿ ಮಾಡಿಸಬೇಕಾಗಿದೆಯೇ?