ದಂಡು ಮತ್ತು ಪೇಟೆ

ಆಶಯ: ಬೆಂಗಳೂರೆಂಬ ಒಂದೇ ಊರಿನಲ್ಲಿ ಎರಡು ಪುರಸಭೆಗಳು ಬಹುಕಾಲ ಬೇರೆಬೇರೆಯಾಗಿ ಆಡಳಿತ ನಡೆಸಿದುವು. ಅವು ಹುಟ್ಟಿದ ಬಗೆಯನ್ನೂ ಒಂದಾದ ಬಗೆಯನ್ನೂ ತಿಳಿಸುತ್ತ, ಊರಿನ ಆಡಳಿತದಲ್ಲಿ ಊರಿನವರ ಪಾಲೇನು ಎಂಬುದನ್ನು ಈ ಪಾಠವು ವಿಚಾರಮಾಡುತ್ತದೆ.

ನನ್ನ ಅಜ್ಜಿಯ ಮನೆ ಬೆಂಗಳೂರಿನ ಚಿಕ್ಕಪೇಟೆಯ ಬಳಿ ಇದ್ದಿತು. ನಮ್ಮ ಮನೆ ಹಲಸೂರಿನಲ್ಲಿ. ಎರಡಕ್ಕೂ ನಡುವಣ ದಾರಿ ಐದಾರು ಕಿಲೋಮೀಟರಿಗಿಂತ ಹೆಚ್ಚಿಲ್ಲ. ಆದರೂ ಅಜ್ಜಿ ನಮ್ಮಲ್ಲಿಗೆ ಹೊರಡುವಾಗ, “ದಂಡಿಗೆ ಹೋಗಿಬರುತ್ತೇನೆ” ಎಂದು ನೆರೆಹೊರೆಯವರಿಗೆಲ್ಲ ಹೇಳಿ, ಪರಊರಿಗೆ ಹೊರಟವರಂತೆ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. “ಇದೂ ಬೆಂಗಳೂರೇ ಅಲ್ಲವೇ ಅಜ್ಜಿ?” ಎಂದು ನಾನು ಕೇಳಿದರೆ, “ಈಗ ಹೌದಪ್ಪ. ನಾನು ಹುಡುಗಿಯಾಗಿದ್ದಾಗ ಅಲ್ಲ” ಎನ್ನುತ್ತಿದ್ದರು. ಆ ಮಾತಿನ ಅರ್ಥ ನನಗೆ ತಿಳಿದುದು ಬಹಳ ವರ್ಷಗಳ ಮೇಲೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರುಗಳಿಗೂ ಎತ್ತರದ ಒಂದು ದಿಬ್ಬದ ಮೇಲಿದೆ. ಈ ದಿಬ್ಬದ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯನ್ನು ಸೇರುತ್ತದೆ. ಪೂರ್ವಕ್ಕೆ ಬಿದ್ದುದು ದಕ್ಷಿಣ ಪಿನಾಕಿನಿಯ ಕಡೆಗೆ ಹರಿಯುತ್ತದೆ. ಹಲಸೂರು ಕೆರೆಯ ಕೋಡಿಯ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ಈ ನದಿಯನ್ನು ಮುಟ್ಟಬೇಕು. ಊರಿನಲ್ಲಿ ದೊಡ್ಡ ಹೊಳೆಯಿಲ್ಲ. ವರ್ಷಕ್ಕೆ ಬೀಳುವ ಸುಮಾರು 90 ಸೆಂಟಿಮೀಟರು ಮಳೆಯನ್ನು ಹಿಡಿದಿಟ್ಟುಕೊಂಡವನೇ ಇಲ್ಲಿ ಬಾಳಬಲ್ಲವನಾಗಿದ್ದನು. ಅದರಿಂದಲೇ ಹಿಂದಿನವರು ಒಂದರ ಕೆಳಗೊಂದರಂತೆ ಕೆರೆಗಳನ್ನು ಕಟ್ಟಿದರು. ಕೃಷ್ಣರಾಜಪುರದ ಹತ್ತಿರದ ಎಲೆ ಮಲ್ಲಪ್ಪಶೆಟ್ಟಿ ಕೆರೆಗೆ ಒಬ್ಬ ವೀಳ್ಯದೆಲೆಯ ವರ್ತಕರ ಹೆಸರಿದೆ. ಊರಿಗೆ ನೀರಾಗಲೆಂದು ಅವರು ಕೊಟ್ಟ ಹಣವನ್ನು ಆ ಹೆಸರು ಇಂದಿಗೂ ನೆನಪಿಸುತ್ತದೆ.

ಈ ದಿಬ್ಬದ ಪಶ್ಚಿಮದ ಮಗ್ಗುಲಿನಲ್ಲಿ 1537ರಲ್ಲಿ ಕೆಂಪೇಗೌಡರು ಕೋಟೆ ಪೇಟೆಗಳನ್ನು ಕಟ್ಟಿದರು. ದೊಡ್ಡಪೇಟೆ ಮತ್ತು ಚಿಕ್ಕಪೇಟೆಯ ಬೀದಿಗಳು ಕೂಡುವ ಚೌಕವೇ ಆ ಊರಿನ ಹೃದಯ. ಪೂರ್ವದ ಹಲಸೂರು ಆಗ ಬೇರೊಂದು ಹಳ್ಳಿ. ಅಲ್ಲಿಯ ಸೋಮೇಶ್ವರ ದೇವಾಲಯ ದಂಡು ಬರುವುದಕ್ಕೆ ಶತಮಾನಗಳ ಮುನ್ನವೇ ಇದ್ದಿತು.

1799ರಲ್ಲಿ ಟಿಪ್ಪು ಸುಲ್ತಾನನು ಮಡಿದು ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾಯಿತು. ಅಲ್ಲಿ ಬೀಡುಬಿಟ್ಟ ಅವರ ಸೈನ್ಯವನ್ನು ಮಲೇರಿಯಾ ಜ್ವರವು ಬಹುವಾಗಿ ಕಾಡಿತು. ಆರೋಗ್ಯಕರವಾದ ಎತ್ತರದ ನೆಲವನ್ನು ಅರಸಿ ಆ ಸೈನ್ಯವು 1809ರಲ್ಲಿ ಬೆಂಗಳೂರಿಗೆ ಬಂದಿತು. ಪೇಟೆಯೊಳಕ್ಕೆ ಅದು ಬರಲಿಲ್ಲ. ಅದರ ಪೂರ್ವಕ್ಕೆ, ಹಲಸೂರು ಕೆರೆಯ ಸುತ್ತಣ ಬಯಲಿನಲ್ಲಿ ನೆಲೆಯೂರಿತು. ದಂಡು ಎಂದರೆ ಸೈನ್ಯ. ಸೈನ್ಯವಿದ್ದ ಜಾಗಕ್ಕೂ ಜನ ಅದೇ ಹೆಸರನ್ನು ಕೊಟ್ಟರು. ದಂಡು ರೈಲು ನಿಲ್ದಾಣವೆಂಬ ಹೆಸರಿನಲ್ಲಿ ಆ ಮಾತು ಇಂದಿಗೂ ಉಳಿದಿದೆ. ಜೋಲಾರಪೇಟೆಯಿಂದ ಮೊದಲ ರೈಲು 1864ರಲ್ಲಿ ಬಂದು ನಿಂತುದು ಈ ದಂಡಿನಲ್ಲಿಯೇ.

ಸೈನಿಕರಷ್ಟೇ ಇದ್ದರೆ ಅದು ಊರಾಗುವುದಿಲ್ಲ. ದಂಡಿನ ಹಿಂದೆಯೇ ಅಡಿಗೆಯವರು, ಅಗಸರು, ದರ್ಜಿಗಳು, ಗಾಡಿಯವರು, ಗಾರೆಯವರು, ದಿನಸಿ ವರ್ತಕರು ಬಂದರು. ತಮಿಳುನಾಡಿನ ಕಡೆಯಿಂದ ಬಂದವರು ಅಧಿಕ. ತೆಲುಗರೂ ದಖನಿ ಉರ್ದು ಮಾತಿನವರೂ ಅವರ ಜೊತೆಗೆ ನೆಲಸಿದರು. ಇಂದು ಶಿವಾಜಿನಗರವೆನಿಸಿದ ಭಾಗದಲ್ಲಿ ಗುಡಿ, ಮಸೀದಿ, ಇಗರ್ಜಿಗಳು ಒಂದರ ಮಗ್ಗುಲಲ್ಲಿ ಒಂದು ಎದ್ದುವು. ಹೀಗೆ ಬಂದವರಲ್ಲಿ ಉದ್ದಿಮೆಯಿಂದ ಮೇಲೆ ಬಂದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿ ಬಡಮಕ್ಕಳಿಗಾಗಿ ಒಂದು ಶಾಲೆಯನ್ನು ತೆರೆದರು. ಅವರ ಹೆಸರಿನ ವಿದ್ಯಾಸಂಸ್ಥೆಗಳು ಹಲಸೂರಿನ ಸಮೀಪದಲ್ಲಿ ಇಂದಿಗೂ ನಡೆಯುತ್ತಿವೆ.

1831ರಲ್ಲಿ ಮೈಸೂರಿನ ಆಡಳಿತವನ್ನೇ ಇಂಗ್ಲಿಷರು ತಮ್ಮ ಕೈಗೆ ತೆಗೆದುಕೊಂಡು, ಬೆಂಗಳೂರಿನಲ್ಲಿ ಕಮಿಷನರನ್ನು ಇರಿಸಿದರು. ಬೆಂಗಳೂರಿಗೆ ಪುರಸಭೆಯು ಬಂದುದು ಈ ಕಾಲದಲ್ಲಿ, 1862ರಲ್ಲಿ. ಅದಕ್ಕೆ 1850ರ ಪಟ್ಟಣ ಸುಧಾರಣಾ ಕಾನೂನು ಆಧಾರ. ಪೇಟೆಯಲ್ಲಿ ಒಂಬತ್ತು ಮಂದಿ ಪ್ರಮುಖ ಪುರಜನರು ಸೇರಿ ಒಂದು ಮಂಡಲಿಯಾಯಿತು. ಅದೇ ವರ್ಷ ದಂಡಿಗೆ ಇನ್ನೊಂದು ಮಂಡಲಿಯಾಯಿತು. ಬೀದಿ ಗುಡಿಸುವುದು, ದೀಪ ಹಚ್ಚುವುದು, ಚರಂಡಿ ತೆಗೆಯುವುದು ಮುಂತಾದ ಕೆಲಸಗಳು ಅವುಗಳಿಗೆ ಬಂದುವು. ಊರು ಒಂದು, ಮಂಡಲಿಗಳು ಎರಡು. ಅಂದು ಇದೇನೂ ದೊಡ್ಡ ಭೇದವಾಗಿ ಕಾಣದಿದ್ದಿರಬಹುದು, ಏಕೆಂದರೆ ಎರಡಕ್ಕೂ ಮೇಲಿದ್ದವರು ಒಬ್ಬರೇ ಕಮಿಷನರು.

ಆದರೆ 1881ರಲ್ಲಿ ಮೈಸೂರು ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಮರಳಿ ಬಂದಾಗ, ಇಂಗ್ಲಿಷರು ದಂಡನ್ನು ಮಾತ್ರ ಬಿಟ್ಟುಕೊಡಲಿಲ್ಲ. ಸುಮಾರು 13 ಚದರ ಮೈಲಿಯ ಆ ನೆಲವು ರೆಸಿಡೆಂಟರ ಆಡಳಿತದಲ್ಲಿ ಉಳಿಯಿತು. ‘ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್’ ಎಂಬುದು ಅದರ ಹೆಸರು. ಪೇಟೆಯ ಪೋಲೀಸರು ಬೇರೆ, ದಂಡಿನ ಪೋಲೀಸರು ಬೇರೆ. ಇಲ್ಲಿಯ ನ್ಯಾಯಸ್ಥಾನ ಬೇರೆ, ಅಲ್ಲಿಯದು ಬೇರೆ. ಇಲ್ಲಿ ಮಹಾರಾಜರ ಕಾನೂನು, ಅಲ್ಲಿ ಇಂಗ್ಲಿಷರ ಕಾನೂನು. ನಡುವೆ ಇದ್ದುದು 1870ರಲ್ಲಿ ನಿರ್ಮಿಸಿದ ಕಬ್ಬನ್ ಉದ್ಯಾನ. ಅಜ್ಜಿಯ ಬುತ್ತಿಯ ಗಂಟಿನ ಅರ್ಥ ಈಗ ನಿಮಗೂ ತಿಳಿಯಿತಷ್ಟೆ! ಆ ಮರಗಳ ನೆರಳನ್ನು ದಾಟಿದವರು ಬೇರೊಂದು ಆಡಳಿತದೊಳಕ್ಕೆ ಕಾಲಿಡುತ್ತಿದ್ದರು.

ದಂಡು ಚಿಕ್ಕದೆಂದು ಭಾವಿಸಬಾರದು. 1901ರ ಜನಗಣತಿಯಲ್ಲಿ ಪೇಟೆಯ ಜನ 69,447, ದಂಡಿನ ಜನ 89,599. ಇಷ್ಟು ಮಂದಿಯ ಊರಿನ ವ್ಯವಹಾರದಲ್ಲಿ ಅವರ ಮಾತಿಗೆ ಎಷ್ಟು ಬೆಲೆಯಿದ್ದಿತು? 1882ರಲ್ಲಿ ಪುರಸಭೆಯ ಸದಸ್ಯರಲ್ಲಿ ಅರ್ಧದಷ್ಟು ಜನರನ್ನು ಚುನಾಯಿಸಲು ಅವಕಾಶ ದೊರೆಯಿತು. ಜೊತೆಯಲ್ಲಿಯೇ ಆಸ್ತಿ ತೆರಿಗೆಯೂ ಬಂದಿತು. ತೆರಿಗೆ ಕೊಡುವವನು ಲೆಕ್ಕ ಕೇಳುವ ಹಕ್ಕನ್ನೂ ಪಡೆಯಬೇಕೆಂಬ ನ್ಯಾಯವನ್ನು ಹೀಗೆ ಅರ್ಧ ಒಪ್ಪಿಕೊಂಡಂತಾಯಿತು. ಅಧ್ಯಕ್ಷರನ್ನು ಚುನಾಯಿಸುವ ಪದ್ಧತಿ ಬರಲು 1920ರವರೆಗೆ ಕಾಯಬೇಕಾಯಿತು. 1926ರಲ್ಲಿ ದಂಡಿನ ಪುರಸಭೆಗೆ ಸರ್ಕಾರ ನೇಮಿಸಿದ ಕಮಿಷನರು ಬಂದು, ಕಾರ್ಯನಿರ್ವಹಣೆಯ ಅಧಿಕಾರವೆಲ್ಲ ಅವರ ಕೈಸೇರಿತು. ಆ ಹುದ್ದೆಯಲ್ಲಿದ್ದ ರಸೆಲ್ ಎಂಬವರ ಹೆಸರು ಶಿವಾಜಿನಗರದ ಮಾರುಕಟ್ಟೆಗೆ ಇಂದಿಗೂ ಅಂಟಿಕೊಂಡಿದೆ.

ನಕ್ಷೆಯ ಮೇಲೆ ಗೆರೆ ಎಳೆಯುವುದು ಸುಲಭ. ಆದರೆ ರೋಗಕ್ಕೂ ನೀರಿಗೂ ಆ ಗೆರೆ ಕಾಣುವುದಿಲ್ಲ. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದಿತು. ಅದು ಪೇಟೆಯ ಇಲಿ, ದಂಡಿನ ಇಲಿ ಎಂದು ಭೇದಮಾಡಲಿಲ್ಲ. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಓಣಿಗಳಲ್ಲಿ ಎರಡು ಕಡೆಯೂ ಜನ ಸತ್ತರು, ಎರಡು ಕಡೆಯೂ ಮನೆಗಳನ್ನು ಬಿಟ್ಟು ಓಡಿದರು. ಆ ಸಂಕಟವು ಕಲಿಸಿದ ಪಾಠದಿಂದ ಪೇಟೆಯ ಕಡೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದುವು. ದಂಡಿನ ಕಡೆ ಫ್ರೇಜರ್ ಟೌನ್ ಎಂಬ ಹೊಸ ಬಡಾವಣೆಯಾಯಿತು. ಅದರ ಇಂದಿನ ಹೆಸರು ಪುಲಕೇಶಿನಗರ.

ನೀರಿನ ಕಥೆಯೂ ಹೀಗೆಯೇ. 1876ರ ಸುಮಾರಿನ ಘೋರ ಕ್ಷಾಮದ ಬಳಿಕ ಕೆರೆಗಳನ್ನೇ ನಂಬಿ ಕುಳಿತಿರುವುದು ಆಗದೆಂದು ಎಲ್ಲರಿಗೂ ತಿಳಿಯಿತು. 1890ರ ದಶಕದಲ್ಲಿ ಅರ್ಕಾವತಿಗೆ ಕಟ್ಟಿದ ಹೆಸರಘಟ್ಟದ ಜಲಾಶಯದಿಂದ ಕೊಳಾಯಿಯ ನೀರು ಬಂದಿತು. ಜಲಾಶಯವಿದ್ದುದು ಮೈಸೂರು ರಾಜ್ಯದಲ್ಲಿ. ನೀರು ಕುಡಿದವರು ಪೇಟೆಯವರೂ ಹೌದು, ದಂಡಿನವರೂ ಹೌದು. ಆಡಳಿತಗಳು ಎರಡಾಗಿಯೇ ಇದ್ದುವು. ಊರು ಮಾತ್ರ ನೆಲದ ಕೆಳಗಿನ ಕೊಳವೆಗಳಲ್ಲಿ ಆಗಲೇ ಒಂದಾಗತೊಡಗಿತ್ತು.

1947ರಲ್ಲಿ, ಸ್ವಾತಂತ್ರ್ಯೋತ್ಸವಕ್ಕೆ ಕೆಲವೇ ದಿನಗಳ ಮೊದಲು, ದಂಡು ಮೈಸೂರಿಗೆ ಮರಳಿತು. 1949ರ ಡಿಸೆಂಬರ್ 8ರಂದು ಎರಡು ಪುರಸಭೆಗಳೂ ಕೂಡಿ ಬೆಂಗಳೂರು ನಗರಪಾಲಿಕೆಯಾಯಿತು. ಪೇಟೆಯ ಪುರಸಭೆಯ ಅಧ್ಯಕ್ಷರಾಗಿದ್ದ ಆರ್. ಸುಬ್ಬಣ್ಣನವರು ಅದರ ಮೊದಲ ಮೇಯರಾದರು. 87 ವರ್ಷಗಳ ಕಾಲ ಎರಡಾಗಿದ್ದ ಲೆಕ್ಕದ ಪುಸ್ತಕಗಳು ಒಂದಾದುವು.

ಊರು ಅಲ್ಲಿಗೆ ನಿಲ್ಲಲಿಲ್ಲ. 1940ರಲ್ಲಿ ವಿಮಾನ ಕಾರ್ಖಾನೆಯೂ, 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿ ಕಾರ್ಖಾನೆಯೂ ಸ್ಥಾಪಿತವಾಗಿದ್ದುವು. ಅವು ಊರನ್ನು ಪೂರ್ವಕ್ಕೆ ಎಳೆದುವು. ಹೊಲಗದ್ದೆಗಳಿದ್ದಲ್ಲಿ ಇಂದಿರಾನಗರ ಎದ್ದಿತು. ಕೃಷ್ಣರಾಜಪುರವು ಕೆಲಕಾಲ ತನ್ನದೇ ನಗರಸಭೆಯನ್ನು ಹೊಂದಿದ್ದು, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯನ್ನು ಸೇರಿತು. 2011ರಲ್ಲಿ ಈ ಮಹಾನಗರಪಾಲಿಕೆಯ ಜನಸಂಖ್ಯೆ 84 ಲಕ್ಷವನ್ನು ಮೀರಿತು. ಇಷ್ಟು ದೊಡ್ಡ ಊರನ್ನು ಒಂದೇ ಸಭೆ ನೋಡಿಕೊಳ್ಳಬಲ್ಲುದೇ ಎಂಬ ಪ್ರಶ್ನೆ ಎದ್ದು, 2025ರಲ್ಲಿ ಅದನ್ನು ಐದು ನಗರಪಾಲಿಕೆಗಳಾಗಿ ವಿಂಗಡಿಸಲಾಯಿತು. ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವನ್ನು ಇರಿಸಲಾಯಿತು. ಶಿವಾಜಿನಗರವು ಕೇಂದ್ರ ನಗರಪಾಲಿಕೆಗೂ ಕೃಷ್ಣರಾಜಪುರವು ಪೂರ್ವ ನಗರಪಾಲಿಕೆಗೂ ಸೇರಿದುವು.

ಕೂಡಿಸುವುದು ಮೇಲೋ, ಬಿಡಿಸುವುದು ಮೇಲೋ? ಈ ಪ್ರಶ್ನೆ ನಮ್ಮ ಊರಿನದು ಮಾತ್ರವಲ್ಲ. ಯೂರೋಪಿನ ಉತ್ತರದಲ್ಲಿ ನಾರ್ವೆ ಎಂಬ ಚಳಿಯ ದೇಶವುಂಟು. ಅಲ್ಲಿ 1837ರ ಕಾನೂನೊಂದರಿಂದ ಊರೂರಿಗೂ ಚುನಾಯಿತ ಸಭೆಗಳು ಬಂದುವು. ಸಮುದ್ರದಿಂದ ದೂರದ ಬೆಟ್ಟಗಣಿವೆಗಳಲ್ಲಿ ಕೆಲವೇ ಸಾವಿರ ಜನರಿರುವ ಊರೂ ತನ್ನ ಶಾಲೆಯನ್ನೂ ನೀರನ್ನೂ ವೃದ್ಧರ ಆರೈಕೆಯನ್ನೂ ತಾನೇ ನೋಡಿಕೊಳ್ಳುತ್ತದೆ. 2020ರಲ್ಲಿ ಆ ದೇಶವು ಹಲವು ಸಭೆಗಳನ್ನು ಕೂಡಿಸಿ ಅವುಗಳ ಸಂಖ್ಯೆಯನ್ನು 356ಕ್ಕೆ ಇಳಿಸಿತು. ಹಾಗೆ ಕೂಡಿದ್ದ ಹಾರಂ ಎಂಬ ಊರು 2024ರಲ್ಲಿ ಮತ್ತೆ ಬೇರೆಯಾಯಿತು. ಆದ್ದರಿಂದ ಗಡಿಯ ಗೆರೆ ಎಲ್ಲಿದೆ ಎಂಬುದಕ್ಕಿಂತ, ಗೆರೆಯ ಒಳಗಿರುವವನ ಮಾತು ಸಭೆಗೆ ಕೇಳಿಸುತ್ತದೆಯೇ ಎಂಬುದೇ ಮುಖ್ಯ.

ನಮ್ಮ ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು, ಪಟ್ಟಣಗಳ ಸಭೆಗಳಿಗೆ ಸಂವಿಧಾನದ ಆಸರೆಯನ್ನು ಒದಗಿಸಿತು. ಸದಸ್ಯಸ್ಥಾನಗಳಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಸ್ತ್ರೀಯರಿಗೆ ಮೀಸಲಾಯಿತು. ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಯಬೇಕೆಂದು ವಿಧಿಸಲಾಯಿತು. ಆದರೂ ಬೆಂಗಳೂರಿನ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಹೋಯಿತು. ಅರ್ಧ ಸ್ಥಾನಗಳಿಗೆ ಚುನಾವಣೆ ದೊರೆತಾಗ ಮುಂದೆ ಪೂರ್ಣ ದೊರೆತೀತೆಂದು ಕಾದಿದ್ದ ಹಿಂದಿನವರನ್ನು ನಾವು ಇಲ್ಲಿ ನೆನೆಯಬೇಕು.

ಕೊನೆಯದಾಗಿ ಒಂದು ಅನುಭವವನ್ನು ಹೇಳುತ್ತೇನೆ. ನಾನು ಉಪಾಧ್ಯಾಯನಾಗಿದ್ದಾಗ ನಮ್ಮ ಶಾಲೆಯ ಮುಂದೆ ಒಂದು ಚರಂಡಿ ಇದ್ದಿತು. ಅದು ಎರಡು ವಾರ್ಡುಗಳ ಗಡಿ. ಮಳೆಗಾಲದಲ್ಲಿ ಕಟ್ಟಿಕೊಂಡು ನೀರು ತರಗತಿಯ ಮೆಟ್ಟಿಲನ್ನು ಏರುತ್ತಿತ್ತು. ಒಂದು ಕಛೇರಿಗೆ ಹೋದರೆ, “ಅದು ಆ ಕಡೆಯವರದು” ಎನ್ನುತ್ತಿದ್ದರು. ಆ ಕಡೆಗೆ ಹೋದರೆ, “ಈ ಕಡೆಯವರದು” ಎನ್ನುತ್ತಿದ್ದರು. ನಾವು ಉಪಾಧ್ಯಾಯರು ಬೇಸತ್ತು ಕೈಚೆಲ್ಲಿ ಕುಳಿತೆವು. ಒಂಬತ್ತನೆಯ ತರಗತಿಯ ಮಕ್ಕಳು ಹಾಗೆ ಕೂರಲಿಲ್ಲ. ಚರಂಡಿಯ ಉದ್ದವನ್ನು ದಾರದಿಂದ ಅಳೆದರು, ನಕ್ಷೆ ಬರೆದರು, ನೀರು ನಿಂತ ದಿನಗಳನ್ನು ಪಟ್ಟಿಮಾಡಿದರು. ಒಂದೇ ಅರ್ಜಿಯ ಎರಡು ಪ್ರತಿಗಳನ್ನು ಮಾಡಿ, ಎರಡು ಕಛೇರಿಗಳಿಗೂ ಒಂದೇ ದಿನ ಕೊಟ್ಟು ಸಹಿ ಪಡೆದರು. ಮೂರನೆಯ ವಾರದಲ್ಲಿ ಕೆಲಸಗಾರರು ಬಂದರು. ಅವರು ಯಾವ ಕಡೆಯವರೆಂದು ಯಾರೂ ಕೇಳಲಿಲ್ಲ.

ಅಂದು ಆ ಮಕ್ಕಳು ಮಾಡಿದುದೇ ಪೌರಾಡಳಿತ. ಬೀದಿ ನಮ್ಮದೆಂದು ತಿಳಿದವರು ಇಲ್ಲದಿದ್ದರೆ ಪುರಸಭೆ ಒಂದಿದ್ದರೂ ಊರಿಲ್ಲ, ಐದಿದ್ದರೂ ಊರಿಲ್ಲ.

ಶಬ್ದಾರ್ಥ

ದಂಡು – ಸೈನ್ಯ. ಸೈನ್ಯವು ಬೀಡುಬಿಟ್ಟ ಸ್ಥಳ
ಪೇಟೆ – ವ್ಯಾಪಾರದ ಊರು. ಇಲ್ಲಿ, ಹಳೆಯ ಬೆಂಗಳೂರು
ಮಗ್ಗುಲು – ಪಕ್ಕ
ಕೋಡಿ – ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹೋಗುವ ದಾರಿ
ಇಗರ್ಜಿ – ಕ್ರೈಸ್ತರ ದೇವಾಲಯ
ರೆಸಿಡೆಂಟರು – ದೇಶೀಯ ಸಂಸ್ಥಾನದಲ್ಲಿ ಇಂಗ್ಲಿಷ್ ಸರ್ಕಾರದ ಪ್ರತಿನಿಧಿ
ಕ್ಷಾಮ – ಬರಗಾಲ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿ.
1. ಇಂಗ್ಲಿಷರ ಸೈನ್ಯವು ಶ್ರೀರಂಗಪಟ್ಟಣವನ್ನು ಬಿಟ್ಟು ಬಂದುದೇಕೆ?
2. ಬೆಂಗಳೂರಿನ ಎರಡು ಪುರಸಭೆಗಳೂ ಕೂಡಿದ ದಿನ ಯಾವುದು?
3. 1901ರಲ್ಲಿ ಪೇಟೆಗಿಂತ ದಂಡಿನಲ್ಲಿ ಎಷ್ಟು ಜನ ಹೆಚ್ಚಾಗಿದ್ದರು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
1. 1881ರ ಬಳಿಕ ದಂಡಿಗೂ ಪೇಟೆಗೂ ಉಂಟಾದ ಭೇದಗಳಾವುವು?
2. ರೋಗಕ್ಕೂ ನೀರಿಗೂ ಗಡಿಯಿಲ್ಲವೆಂಬುದನ್ನು ಲೇಖಕರು ಹೇಗೆ ತೋರಿಸಿದ್ದಾರೆ?

ಇ. ಸಂದರ್ಭ ಸೂಚಿಸಿ ಸ್ವಾರಸ್ಯವನ್ನು ವಿವರಿಸಿ.
1. “ಈಗ ಹೌದಪ್ಪ. ನಾನು ಹುಡುಗಿಯಾಗಿದ್ದಾಗ ಅಲ್ಲ.”
2. “ಅದು ಆ ಕಡೆಯವರದು.”

ಈ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿ: ಜಲಾಶಯ, ಮಳೆಗಾಲ, ಊರಿಲ್ಲ.

ಉ. ಸ್ವಂತ ವಾಕ್ಯಗಳಲ್ಲಿ ಬಳಸಿ: ಕೈಚೆಲ್ಲಿ ಕೂರು, ನೆಲೆಯೂರು, ಬೇಸತ್ತು.

ಊ. ನಿಮ್ಮ ಬೀದಿಯ ಒಂದು ಕೊರತೆಯನ್ನು ಗುರುತಿಸಿ, ಅಳತೆ ದಿನಾಂಕಗಳೊಡನೆ, ನಿಮ್ಮ ಊರಿನ ಪುರಸಭೆಗೆ ಅಥವಾ ಗ್ರಾಮಪಂಚಾಯಿತಿಗೆ ಒಂದು ಅರ್ಜಿಯನ್ನು ಬರೆಯಿರಿ.