ಬರಹದಲ್ಲಿಲ್ಲದ ಷರತ್ತು: ಇಂಗ್ಲೆಂಡಿನ ಬಾಡಿಗೆ ಮನೆ ಮತ್ತು ಸರ್ಕಾರಿ ನೆರವು

ಇಂಗ್ಲೆಂಡಿನ ಬಾಡಿಗೆ ಮನೆಗಳ ಜಾಹೀರಾತುಗಳಲ್ಲಿ ಬಹುಕಾಲ ಕಾಣಿಸಿಕೊಂಡ ‘ನೋ ಡಿಎಸ್‌ಎಸ್’ ಎಂಬ ಮಾತಿಗೆ, ಬದುಕು ನಡೆಸಲು ಸರ್ಕಾರದ ನೆರವು ಪಡೆಯುವವರು ಈ ಮನೆಯನ್ನು ಕೇಳಿಕೊಂಡು ಬರಬೇಕಾಗಿಲ್ಲ ಎಂಬುದೇ ಅರ್ಥ. ಡಿಎಸ್‌ಎಸ್ ಎಂದರೆ ಸಾಮಾಜಿಕ ಭದ್ರತಾ ಇಲಾಖೆ. 1988ರಲ್ಲಿ ರೂಪುಗೊಂಡ ಆ ಇಲಾಖೆ 2001ರಲ್ಲಿ ಕೊನೆಗೊಂಡು ಅದರ ಕೆಲಸಗಳು ಉದ್ಯೋಗ ಮತ್ತು ಪಿಂಚಣಿ ಇಲಾಖೆಗೆ ಸೇರಿದರೂ, ಹೆಸರು ಮಾತ್ರ ಮನೆ ಮಾಲೀಕರ ಬಾಯಲ್ಲೂ, ಅವರ ಪರವಾಗಿ ಬಾಡಿಗೆದಾರರನ್ನು ಹುಡುಕಿ ಕರಾರು ಮಾಡಿಸುವ ಲೆಟಿಂಗ್ ಏಜೆಂಟರ ಬಾಯಲ್ಲೂ ಉಳಿದುಕೊಂಡಿತು. ಮಿಡ್‌ಲ್ಯಾಂಡ್ಸ್ ಭಾಗದಲ್ಲಿ ನೆಲೆಸಿರುವ ಕನ್ನಡತಿಯಾದ ಈ ಲೇಖಕಿ 2022ರ ಕೊನೆಯಲ್ಲಿ ಮನೆ ಹುಡುಕಲು ಹೊರಟಾಗ ಆ ಮಾತು ಜಾಹೀರಾತುಗಳಿಂದ ಬಹುಮಟ್ಟಿಗೆ ಮರೆಯಾಗಿತ್ತು, ನಿರಾಕರಣೆ ಮರೆಯಾಗಿರಲಿಲ್ಲ. ಬರಹದಿಂದ ಹೊರಬಿದ್ದ ಷರತ್ತು ಎಲ್ಲಿ ಹೋಗಿ ಸೇರಿಕೊಂಡಿತು, ಅದನ್ನು ಅಲ್ಲಿಂದ ಹೊರಗೆಳೆಯುವುದು ಹೇಗೆ ಎಂಬುದನ್ನು ನಾಲ್ಕು ತಿಂಗಳ ಆ ಹುಡುಕಾಟ ಕಲಿಸಿದ ಪಾಠಗಳ ಮೂಲಕ ಇಲ್ಲಿ ವಿವರಿಸಲಾಗಿದೆ.

ಜಾಹೀರಾತಿನ ಭಾಷೆ ಬದಲಾಗಲು ಕಾರಣವಾದದ್ದು ನ್ಯಾಯಾಲಯ. 2020ರ ಜುಲೈಯಲ್ಲಿ ಯಾರ್ಕ್ ಕೌಂಟಿ ನ್ಯಾಯಾಲಯವು ಅಂಗವೈಕಲ್ಯವಿದ್ದ ಒಂಟಿ ತಾಯಿಯೊಬ್ಬರ ಪ್ರಕರಣದಲ್ಲಿ, ನೆರವು ಪಡೆಯುವವರಿಗೆ ಮನೆಯೇ ಇಲ್ಲವೆನ್ನುವ ಸಾರಾಸಗಟು ನೀತಿಯು 2010ರ ಸಮಾನತಾ ಕಾಯ್ದೆಗೆ ವಿರುದ್ಧವೆಂದು ಘೋಷಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ನ್ಯಾಯಾಲಯವೂ ಅದೇ ದಾರಿ ಹಿಡಿಯಿತು. ನೆರವು ಪಡೆಯುವುದು ಆ ಕಾಯ್ದೆ ರಕ್ಷಿಸುವ ಗುಣಲಕ್ಷಣಗಳಲ್ಲಿ ಒಂದಲ್ಲವಾದ್ದರಿಂದ ನ್ಯಾಯಾಲಯಗಳು ‘ಪರೋಕ್ಷ ತಾರತಮ್ಯ’ ಎಂಬ ತತ್ವವನ್ನು ಆಧರಿಸಿದವು. ಮೇಲ್ನೋಟಕ್ಕೆ ಎಲ್ಲರಿಗೂ ಒಂದೇ ಆಗಿರುವ ನಿಯಮವೊಂದು ವಾಸ್ತವದಲ್ಲಿ ಒಂದು ವರ್ಗದವರಿಗೆ ಹೆಚ್ಚಿನ ಪೆಟ್ಟು ಕೊಡುವುದಾದರೆ ಅದನ್ನು ಪರೋಕ್ಷ ತಾರತಮ್ಯ ಎನ್ನುತ್ತಾರೆ. ವಸತಿ ನೆರವು ಪಡೆಯುವವರಲ್ಲಿ ಮಹಿಳೆಯರೂ ಅಂಗವಿಕಲರೂ ಹೆಚ್ಚಾಗಿರುವುದರಿಂದ ಈ ನಿಯಮದ ಪೆಟ್ಟು ಅವರ ಮೇಲೆಯೇ ಬೀಳುತ್ತದೆ ಎಂಬುದು ಇಲ್ಲಿನ ವಾದ. ತೀರ್ಪುಗಳ ನಂತರ ‘ನೋ ಡಿಎಸ್‌ಎಸ್’ ಇದ್ದ ಜಾಗದಲ್ಲಿ ‘ಉದ್ಯೋಗಸ್ಥರಿಗೆ ಆದ್ಯತೆ’ ಎಂಬಂಥ ನಯವಾದ ಮಾತುಗಳು ಬಂದು ಕುಳಿತವು.

ಲೇಖಕಿಯ ಮೊದಲ ಪಾಠ ಆಕೆಯದೇ ತಪ್ಪಿನಿಂದ ಬಂದದ್ದು. ಇಬ್ಬರು ಚಿಕ್ಕ ಮಕ್ಕಳೊಡನೆ ಒಂಟಿಯಾಗಿದ್ದು, ಶಾಲೆಯೊಂದರ ಅಡುಗೆಮನೆಯಲ್ಲಿ ಅರೆಕಾಲಿಕ ಕೆಲಸ ಮಾಡುತ್ತಿದ್ದ ಆಕೆಗೆ ಸಂಬಳದ ಜೊತೆಗೆ ಯೂನಿವರ್ಸಲ್ ಕ್ರೆಡಿಟ್ ಬರುತ್ತಿತ್ತು. 2013ರಿಂದ ಹಂತಹಂತವಾಗಿ ಜಾರಿಗೆ ಬಂದ ಇದು, ಹಲವು ಹಳೆಯ ನೆರವುಗಳನ್ನು ಒಂದುಗೂಡಿಸಿ, ಕಡಿಮೆ ಆದಾಯದ ದುಡಿಯುವವರಿಗೂ ಕೆಲಸವಿಲ್ಲದವರಿಗೂ ತಿಂಗಳಿಗೊಮ್ಮೆ ಕೊಡುವ ಮೊತ್ತ. ಮೊದಲ ಕೆಲವು ಏಜೆಂಟರು ಫೋನಿನಲ್ಲಿ ನೆರವಿನ ಹೆಸರು ಕೇಳಿದ ಕೂಡಲೇ ಮಾತು ಮುಗಿಸಿದ್ದರಿಂದ, ಮುಂದಿನ ಅರ್ಜಿಯಲ್ಲಿ ಆಕೆ ನೆರವಿನ ವಿಷಯವನ್ನೇ ಬಿಟ್ಟು ಸಂಬಳವನ್ನಷ್ಟೇ ನಮೂದಿಸಿದಳು. ಮನೆಯನ್ನು ಕಾಯ್ದಿರಿಸಲು ಒಂದು ವಾರದ ಬಾಡಿಗೆಯನ್ನೂ, ಅಂದರೆ ತಿಂಗಳಿಗೆ 800 ಪೌಂಡ್ ಬಾಡಿಗೆಯ ಆ ಮನೆಗೆ 184 ಪೌಂಡನ್ನು, ಕಟ್ಟಿದಳು. ಬ್ಯಾಂಕ್ ಖಾತೆಯ ವಿವರ ನೋಡುವ ಹಂತದಲ್ಲಿ ಎಲ್ಲವೂ ಹೊರಬಿತ್ತು. ಬಾಡಿಗೆದಾರರಿಂದ ವಸೂಲಿ ಮಾಡುವ ಶುಲ್ಕಗಳಿಗೆ ಕಡಿವಾಣ ಹಾಕಿದ 2019ರ ಕಾಯ್ದೆಯೇ, ದಾರಿ ತಪ್ಪಿಸುವ ಮಾಹಿತಿ ಕೊಟ್ಟವರ ಕಾಯ್ದಿರಿಸುವ ಹಣವನ್ನು ಇರಿಸಿಕೊಳ್ಳಲು ಅವಕಾಶ ಕೊಟ್ಟಿರುವುದರಿಂದ ಆ ಹಣ ಹಿಂದಿರುಗಲಿಲ್ಲ. ನೆರವನ್ನು ಮುಚ್ಚಿಟ್ಟರೆ ಅನ್ಯಾಯದ ನಿರಾಕರಣೆಯೂ ನ್ಯಾಯಬದ್ಧ ನಿರಾಕರಣೆಯಾಗಿಬಿಡುತ್ತದೆ ಎಂಬುದು ಆಗ ಅರಿವಾಯಿತು.

ಮುಚ್ಚಿಟ್ಟದ್ದಕ್ಕೆ ಭಯದಷ್ಟೇ ನಾಚಿಕೆಯೂ ಕಾರಣವಾಗಿತ್ತು. ಬ್ರಿಟನ್ನಿಗೆ ಕೆಲಸದ ಇಲ್ಲವೇ ಓದಿನ ವೀಸಾದ ಮೇಲೆ ಬರುವವರಿಗೆ ಸಾಮಾನ್ಯವಾಗಿ ‘ಸಾರ್ವಜನಿಕ ನಿಧಿಗೆ ಹಕ್ಕಿಲ್ಲ’ ಎಂಬ ಷರತ್ತು ಇರುತ್ತದೆ. ಅಂದರೆ ಕಾಯಂ ನೆಲೆಸುವ ಅನುಮತಿ ಸಿಗುವವರೆಗೆ ಯೂನಿವರ್ಸಲ್ ಕ್ರೆಡಿಟ್‌ನಂಥ ನೆರವನ್ನು ಅವರು ಪಡೆಯುವಂತಿಲ್ಲ. ವರ್ಷಗಟ್ಟಲೆ ಈ ಷರತ್ತಿನಡಿ ಬದುಕಿದ ಲೇಖಕಿಯ ಪರಿಚಯದ ಕನ್ನಡ ಕುಟುಂಬಗಳಲ್ಲಿ, ಷರತ್ತು ತೆಗೆದುಹೋದ ಮೇಲೂ ನೆರವು ಎಂದರೆ ಮುಟ್ಟಬಾರದ್ದು ಎಂಬ ಭಾವನೆ ಉಳಿದಿತ್ತು. ‘ಸರ್ಕಾರದ ದುಡ್ಡಲ್ಲಿ ಇದ್ದಾಳಂತೆ’ ಎಂಬ ಮಾತಿಗೆ ಹೆದರಿ, ತೆರಿಗೆ ಕಟ್ಟಿ ಗಳಿಸಿಕೊಂಡ ಹಕ್ಕನ್ನು ಅರ್ಜಿಯ ಕಾಗದದಲ್ಲಿಯೂ ಮರೆಮಾಡಿದ್ದು ಮನೆ ಮಾಲೀಕರ ಪೂರ್ವಗ್ರಹವನ್ನು ತಾನೇ ಒಪ್ಪಿಕೊಂಡಂತೆ ಎಂದು ಲೇಖಕಿಗೆ ಹೊಳೆದದ್ದು ತಡವಾಗಿ.

ಎರಡನೆಯ ಪಾಠ ಲೆಕ್ಕಕ್ಕೆ ಸಂಬಂಧಿಸಿದ್ದು. ಬಾಡಿಗೆ ಕಟ್ಟುವ ಶಕ್ತಿಯನ್ನು ಅಳೆಯಲು ಅನೇಕ ಏಜೆಂಟರು ಬಳಸುವ ಸೂತ್ರದ ಪ್ರಕಾರ ವಾರ್ಷಿಕ ಆದಾಯವು ತಿಂಗಳ ಬಾಡಿಗೆಯ 30 ಪಟ್ಟು ಇರಬೇಕು. 800 ಪೌಂಡ್ ಬಾಡಿಗೆಗೆ 24,000 ಪೌಂಡ್ ಬೇಕು. ಲೇಖಕಿಯ ಸಂಬಳ ವರ್ಷಕ್ಕೆ ಸುಮಾರು 12,000 ಪೌಂಡ್ ಮಾತ್ರ, ಆದರೆ ಯೂನಿವರ್ಸಲ್ ಕ್ರೆಡಿಟ್ಟನ್ನೂ ಮಕ್ಕಳ ಭತ್ಯೆಯನ್ನೂ ಸೇರಿಸಿದರೆ ಒಟ್ಟು ಸುಮಾರು 27,000 ಪೌಂಡ್. ಸೂತ್ರ ಎಲ್ಲರಿಗೂ ಒಂದೇ ಆಗಿದ್ದರೂ ‘ಆದಾಯ’ ಎಂಬ ಪದದೊಳಗೆ ಸಂಬಳವನ್ನು ಮಾತ್ರ ಸೇರಿಸಿದವರ ಕೈಯಲ್ಲಿ ಆಕೆ ಅನುತ್ತೀರ್ಣಳಾದಳು. ಜಾಹೀರಾತಿನಿಂದ ಹೊರಬಿದ್ದ ಷರತ್ತು ಬಂದು ಸೇರಿಕೊಂಡಿದ್ದು ಈ ಪದದೊಳಗೆ.

ಲೆಕ್ಕದ ಇನ್ನೊಂದು ತುದಿಯಲ್ಲಿ ಸರ್ಕಾರದ ಕೈವಾಡವೂ ಇದೆ. ಖಾಸಗಿ ಬಾಡಿಗೆಗೆ ಸಿಗುವ ನೆರವಿನ ಮಿತಿಯನ್ನು ‘ಸ್ಥಳೀಯ ವಸತಿ ಭತ್ಯೆ’ ಎನ್ನುತ್ತಾರೆ. 2008ರಲ್ಲಿ ದೇಶದಾದ್ಯಂತ ಬಂದಾಗ ಅದು ಆಯಾ ಪ್ರದೇಶದ ಬಾಡಿಗೆಗಳ ನಡುಮಧ್ಯದ ಮೊತ್ತಕ್ಕೆ ಸಮವಾಗಿತ್ತು. 2011ರಲ್ಲಿ ಅದನ್ನು ಅಗ್ಗದ ಶೇಕಡಾ 30ರಷ್ಟು ಮನೆಗಳ ಬಾಡಿಗೆಗಷ್ಟೇ ಸಾಲುವ ಮಟ್ಟಕ್ಕೆ ಇಳಿಸಲಾಯಿತು. 2020ರ ಏಪ್ರಿಲ್‌ನಲ್ಲಿ ನಿಗದಿಯಾದ ದರ 2024ರ ಏಪ್ರಿಲ್‌ವರೆಗೆ ಕದಲದೆ ನಿಂತಿತು, ಬಾಡಿಗೆಗಳು ಮಾತ್ರ ಏರುತ್ತಲೇ ಹೋದವು. ಎರಡು ಕೋಣೆಯ ಮನೆಗೆ ಲೇಖಕಿಯ ಪ್ರದೇಶದಲ್ಲಿದ್ದ ಮಿತಿ 650 ಪೌಂಡ್, ಆಕೆಗೆ ಸಿಗುತ್ತಿದ್ದ ಮನೆಗಳ ಬಾಡಿಗೆ 800. ಉಳಿದ 150 ಪೌಂಡನ್ನು ಎಲ್ಲಿಂದ ತುಂಬುವುದೆಂದು ಕಾಗದದ ಮೇಲೆ ತೋರಿಸದೆ ಅರ್ಜಿ ಹಾಕಿದರೆ ಪ್ರಯೋಜನವಿಲ್ಲ ಎಂಬುದು ಮೂರನೆಯ ಪಾಠವಾಯಿತು.

ಮಾಲೀಕರ ಅಂಜಿಕೆಯೆಲ್ಲವೂ ಪೂರ್ವಗ್ರಹವಲ್ಲ ಎಂಬುದನ್ನೂ ಒಪ್ಪಬೇಕು. ಬಾಡಿಗೆಯನ್ನು ತಿಂಗಳ ಮೊದಲಿಗೇ ಕಟ್ಟಬೇಕು, ಯೂನಿವರ್ಸಲ್ ಕ್ರೆಡಿಟ್ ತಿಂಗಳು ಮುಗಿದ ಮೇಲೆ ಬರುತ್ತದೆ. ಹೊಸದಾಗಿ ಅರ್ಜಿ ಹಾಕಿದವರು ಮೊದಲ ಕಂತಿಗೆ ಸುಮಾರು ಐದು ವಾರ ಕಾಯಬೇಕು. ವಸತಿಯ ಪಾಲು ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಬಾಡಿಗೆದಾರರ ಖಾತೆಗೇ ಹೋಗುವುದರಿಂದ, ಎರಡು ತಿಂಗಳ ಬಾಕಿ ಬಿದ್ದ ಮೇಲೆ ಮಾತ್ರ ಮಾಲೀಕರು ನೇರ ಪಾವತಿಗೆ ಅರ್ಜಿ ಹಾಕುವ ಸ್ಥಿತಿ ಸಾಮಾನ್ಯವಾಗಿದೆ. ಈ ಸಮಸ್ಯೆಗೆ ಅನೇಕ ಏಜೆಂಟರು ಕಂಡುಕೊಂಡ ಉತ್ತರ ಜಾಮೀನುದಾರ, ಅದೂ ಬ್ರಿಟನ್ನಿನಲ್ಲಿ ಸ್ವಂತ ಮನೆಯಿರುವ ಜಾಮೀನುದಾರ. ಸಕಲೇಶಪುರದ ಕಡೆ ಕಾಫಿ ತೋಟವಿರುವ ಅಣ್ಣನ ಸಹಿಗೆ ಅಲ್ಲಿ ಬೆಲೆಯಿಲ್ಲ. ಹೀಗಾಗಿ ವಲಸೆ ಬಂದವರ ಪಾಲಿಗೆ ಜಾಮೀನಿನ ಷರತ್ತು ಇನ್ನೊಂದು ಮುಚ್ಚಿದ ಬಾಗಿಲೇ ಆಗುತ್ತದೆ.

ಎಲ್ಲಕ್ಕಿಂತ ಫಲ ಕೊಟ್ಟ ಪಾಠವೆಂದರೆ ಫೋನನ್ನು ಬಿಟ್ಟು ಬರವಣಿಗೆಯನ್ನು ಹಿಡಿದದ್ದು. ಮೂರನೆಯ ತಿಂಗಳಿನಿಂದ ಲೇಖಕಿ ಪ್ರತಿ ಏಜೆಂಟರಿಗೂ ಒಂದೇ ಬಗೆಯ ಇಮೇಲ್ ಕಳಿಸತೊಡಗಿದಳು. ಅದರಲ್ಲಿ ಸಂಬಳ, ನೆರವು, ಭತ್ಯೆ, 150 ಪೌಂಡಿನ ಅಂತರವನ್ನು ತುಂಬುವ ಬಗೆ, ಹಿಂದಿನ ಮಾಲೀಕರಿಗೆ ತಪ್ಪದೆ ಕಟ್ಟಿದ ಬಾಡಿಗೆಯ ದಾಖಲೆ ಎಲ್ಲವೂ ಇದ್ದು, ಕೊನೆಯಲ್ಲಿ ‘ನಿಮ್ಮ ಆದಾಯದ ಲೆಕ್ಕದಲ್ಲಿ ಏನೇನು ಸೇರುತ್ತದೆ, ಬರಹದಲ್ಲಿ ತಿಳಿಸಿ’ ಎಂಬ ಒಂದೇ ಕೋರಿಕೆ ಇತ್ತು. ಫೋನಿನಲ್ಲಿ ಅರ್ಧ ನಿಮಿಷದಲ್ಲಿ ‘ಆಗುವುದಿಲ್ಲ’ ಎನ್ನುತ್ತಿದ್ದವರಿಗೆ ಅದನ್ನೇ ಬರೆದುಕೊಡುವುದು ಕಷ್ಟವಾಯಿತು. ಹಲವರು ಉತ್ತರಿಸಲಿಲ್ಲ, ಒಬ್ಬರು ಮಾತ್ರ, ಮಾಲೀಕರ ವಿಮೆಯಲ್ಲಿ ನೆರವು ಪಡೆಯುವವರಿಗೆ ಅವಕಾಶವಿಲ್ಲ ಎಂದು ಬರೆದರು. ಅಂಥ ಷರತ್ತುಗಳು ಹಿಂದೆ ಕೆಲವು ಸಾಲಗಳಲ್ಲೂ ವಿಮೆಗಳಲ್ಲೂ ಇದ್ದದ್ದು ನಿಜ, 2019ರ ಹೊತ್ತಿಗೆ ಕೆಲವು ದೊಡ್ಡ ಬ್ಯಾಂಕುಗಳು ಅವನ್ನು ಕೈಬಿಟ್ಟದ್ದೂ ನಿಜ. ಷರತ್ತಿನ ಸಾಲನ್ನು ತೋರಿಸುವಂತೆ ಲೇಖಕಿ ಕೇಳಿದ ಮೇಲೆ, ನಿವೃತ್ತರಾಗಿದ್ದ ಆ ಮಾಲೀಕರು ತಮ್ಮ ವಿಮಾ ಕಂಪನಿಯನ್ನೇ ವಿಚಾರಿಸಿದರು; ಅಂಥ ಸಾಲೇ ಇರಲಿಲ್ಲ. ಯಾರೋ ಎಂದೋ ಹೇಳಿದ್ದನ್ನು ಅವರು ನಂಬಿಕೊಂಡಿದ್ದರು. ಮನೆ ಸಿಕ್ಕಿದ್ದು ಅವರಿಂದಲೇ.

2025ರ ಅಕ್ಟೋಬರ್ 27ರಂದು ರಾಜಸಮ್ಮತಿ ಪಡೆದ ಬಾಡಿಗೆದಾರರ ಹಕ್ಕುಗಳ ಕಾಯ್ದೆಯು ಪರೋಕ್ಷ ತಾರತಮ್ಯದ ಬಳಸುದಾರಿಯನ್ನು ಬಿಟ್ಟು, ನೆರವು ಪಡೆಯುತ್ತಾರೆ ಅಥವಾ ಮಕ್ಕಳಿದ್ದಾರೆ ಎಂಬ ಕಾರಣಕ್ಕೆ ಮನೆ ನಿರಾಕರಿಸುವುದನ್ನು ನೇರವಾಗಿ ನಿಷೇಧಿಸುತ್ತದೆ. ಇಂಗ್ಲೆಂಡಿನಲ್ಲಿ 2026ರ ಮೇ 1ನ್ನು ಜಾರಿಯ ದಿನವೆಂದು ಗೊತ್ತುಪಡಿಸಿದ್ದು, ಉಲ್ಲಂಘನೆಗೆ 7,000 ಪೌಂಡ್‌ವರೆಗೆ ದಂಡ ವಿಧಿಸಬಹುದು. ಬಾಡಿಗೆ ಕಟ್ಟುವ ಶಕ್ತಿಯನ್ನು ಪರಿಶೀಲಿಸುವ ಹಕ್ಕನ್ನು ಮಾತ್ರ ಈ ಕಾಯ್ದೆ ಮಾಲೀಕರಲ್ಲಿಯೇ ಉಳಿಸಿದೆ, ಅದು ಸಹಜವೂ ಹೌದು. ಆದ್ದರಿಂದ 30 ಪಟ್ಟಿನ ಸೂತ್ರ ಮುಂದೆಯೂ ಇರುತ್ತದೆ, ಅದರೊಳಗಿನ ‘ಆದಾಯ’ ಎಂಬ ಪದವೂ ಇರುತ್ತದೆ. ಮನೆ ಹುಡುಕುವ ಪರಿಚಿತರು ಕೇಳಿದಾಗಲೆಲ್ಲ ಲೇಖಕಿ ಈಗಲೂ ತನ್ನ ಹಳೆಯ ಇಮೇಲನ್ನೇ ಕಳಿಸುತ್ತಾಳೆ. ಮೊತ್ತಗಳನ್ನು ಬದಲಿಸಿಕೊಳ್ಳಿ, ಕೊನೆಯ ಸಾಲನ್ನು ಹಾಗೆಯೇ ಇಡಿ ಎಂಬುದು ಆಕೆಯ ಸೂಚನೆ.