ಪಾಸಿಟಿವ್ ಬಂದದ್ದು ಪರೀಕ್ಷೆ, ಕಾಯಿಲೆಯಲ್ಲ: ನಾಯಿಯ ಮೇದೋಜೀರಕದ ವರದಿ ಓದುವ ಕ್ರಮ

ವಾಂತಿ ಮಾಡುತ್ತಿರುವ ನಾಯಿಯನ್ನು ಕ್ಲಿನಿಕ್ಕಿಗೆ ಒಯ್ದವರು ಈಚೆಗೆ ಒಂದು ಹೊಸ ಮಾತು ಕಲಿತು ಬರುತ್ತಿದ್ದಾರೆ: ‘ನಮ್ಮ ನಾಯಿಗೆ ಪ್ಯಾಂಕ್ರಿಯಾಸ್ ಪಾಸಿಟಿವ್.’ ಪಾಸಿಟಿವ್ ಬಂದಿರುವುದು ಪರೀಕ್ಷೆ. ಕಾಯಿಲೆ ಅದೇ ಎಂದು ಇನ್ನೂ ತೀರ್ಮಾನವಾಗಿರುವುದಿಲ್ಲ. ಇವೆರಡರ ನಡುವಿನ ಅಂತರ ಮರೆತರೆ ನಷ್ಟ ಎರಡು ಕಡೆಯಿಂದ ಬರುತ್ತದೆ: ಇಲ್ಲದ ಕಾಯಿಲೆಗೆ ಪಥ್ಯ, ಇರುವ ಕಾಯಿಲೆಗೆ ತಡ. ಎರಡನೆಯದು ಜೀವಕ್ಕೇ ಕುತ್ತು. ಆದ್ದರಿಂದ ವರದಿ ಕೈಗೆ ಬಂದಾಗ ಏನನ್ನು ಯಾವ ಕ್ರಮದಲ್ಲಿ ನೋಡಬೇಕು, ವೈದ್ಯರಲ್ಲಿ ಏನು ಕೇಳಬೇಕು ಎಂಬುದಷ್ಟೇ ಇಲ್ಲಿನ ವಿಷಯ.

ಹಿನ್ನೆಲೆ ಚುಟುಕಾಗಿ. ಮೇದೋಜೀರಕ ಗ್ರಂಥಿ ಜಠರದ ಮಗ್ಗುಲಲ್ಲಿ, ಸಣ್ಣಕರುಳಿನ ಮೊದಲ ಸುತ್ತಿಗೆ ಅಂಟಿಕೊಂಡಿರುತ್ತದೆ. ಇನ್ಸುಲಿನ್ ಸ್ರವಿಸುವುದೂ ಅದೇ, ಆದರೆ ಸಕ್ಕರೆ ಕಾಯಿಲೆಯ ಮಾತು ಇಲ್ಲಿ ಬೇಡ. ನಮಗೆ ಬೇಕಾದದ್ದು ಅದರ ಜೀರ್ಣರಸ. ಕೊಬ್ಬನ್ನು ಒಡೆಯುವ ಲೈಪೇಸ್, ಪಿಷ್ಟವನ್ನು ಒಡೆಯುವ ಅಮೈಲೇಸ್, ಪ್ರೋಟೀನನ್ನು ಒಡೆಯುವ ಟ್ರಿಪ್ಸಿನ್‌ನ ನಿಷ್ಕ್ರಿಯ ರೂಪವಾದ ಟ್ರಿಪ್ಸಿನೋಜನ್, ಇವೆಲ್ಲ ಅಲ್ಲಿ ತಯಾರಾಗಿ ಕರುಳಿಗೆ ಇಳಿಯುತ್ತವೆ. ಆರೋಗ್ಯವಂತ ನಾಯಿಯಲ್ಲೂ ಇವುಗಳ ಒಂದಿಷ್ಟು ಅಂಶ ರಕ್ತಕ್ಕೆ ಸೇರುತ್ತದೆ. ಗ್ರಂಥಿ ಉರಿಯೂತದಿಂದ ಬಾತುಕೊಂಡರೆ ಆ ಅಂಶ ಏರುತ್ತದೆ, ಗ್ರಂಥಿಯೇ ಸವೆದುಹೋದರೆ ಇಳಿಯುತ್ತದೆ. ಈ ಏರಿಳಿತಕ್ಕೇ ಪರೀಕ್ಷೆ.

ಮೊದಲ ಹೆಜ್ಜೆ, ಯಾವ ಪರೀಕ್ಷೆ ಮಾಡಿದ್ದಾರೆ ಎಂದು ನೋಡುವುದು. ‘ಅಮೈಲೇಸ್, ಲೈಪೇಸ್’ ಎಂದು ಎರಡೇ ಸಾಲು ಇದ್ದರೆ ಅದು ಹಳೆಯ ದಾರಿ. ನಾಯಿಯ ದೇಹದಲ್ಲಿ ಲೈಪೇಸ್ ಮೇದೋಜೀರಕದಿಂದ ಮಾತ್ರವಲ್ಲ, ಜಠರದಂಥ ಬೇರೆ ಅಂಗಗಳಿಂದಲೂ ಬರುತ್ತದೆ. ಮೂತ್ರಪಿಂಡ ಸೋತಾಗ ಎರಡೂ ಏರಬಹುದು. ಸ್ಟೆರಾಯ್ಡ್ ಕೊಟ್ಟಿದ್ದರೆ ಗ್ರಂಥಿ ಸರಿಯಿದ್ದರೂ ಲೈಪೇಸ್ ಏರೀತು. ಅದಕ್ಕೆ ವಿರುದ್ಧವಾಗಿ, ನಿಜಕ್ಕೂ ಉರಿಯೂತವಿರುವ ನಾಯಿಯಲ್ಲಿ ಇವು ಸಹಜ ಮಟ್ಟದಲ್ಲೇ ಇರುವುದುಂಟು. ಈ ಗೊಂದಲ ತಪ್ಪಿಸಲೆಂದೇ ಅಮೆರಿಕದ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಯೋರ್ಗ್ ಸ್ಟೈನರ್, ಡೇವಿಡ್ ವಿಲಿಯಮ್ಸ್ ಮೊದಲಾದವರು ಮೇದೋಜೀರಕದ ಲೈಪೇಸನ್ನು ಮಾತ್ರ ಗುರುತಿಸುವ ಪ್ರತಿಕಾಯ ಆಧಾರಿತ ಪರೀಕ್ಷೆ ರೂಪಿಸಿದರು. ಅದರ ಹೆಸರು ಪಿಎಲ್‌ಐ. ಹಳೆಯ ಪರೀಕ್ಷೆ ಕಿಣ್ವ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆಯುತ್ತದೆ, ಇದು ಆ ಪ್ರೋಟೀನ್ ಎಷ್ಟಿದೆ ಎಂದು ಅಳೆಯುತ್ತದೆ. ಇದರಲ್ಲೂ ಎರಡು ರೂಪಗಳಿವೆ. ಪ್ರಯೋಗಾಲಯದಲ್ಲಿ ಅಂಕಿ ಕೊಡುವುದು ಸ್ಪೆಕ್ ಸಿಪಿಎಲ್, ಕ್ಲಿನಿಕ್ಕಿನಲ್ಲೇ 10 ನಿಮಿಷದಲ್ಲಿ ನೀಲಿ ಚುಕ್ಕೆ ತೋರಿಸುವುದು ಸ್ನ್ಯಾಪ್ ಕಿಟ್. ನಿಮ್ಮ ಚೀಟಿಯಲ್ಲಿರುವುದು ಅಂಕಿಯೋ ಚುಕ್ಕೆಯೋ, ಕೇಳಿ ತಿಳಿದುಕೊಳ್ಳಿ. ಇನ್ನೊಂದು ಎಚ್ಚರಿಕೆ: ನಾಯಿಯ ರಕ್ತ ಮನುಷ್ಯರ ಲ್ಯಾಬಿಗೆ ಹೋಗುವುದು ನಮ್ಮ ಊರುಗಳಲ್ಲಿ ಅಪರೂಪವಲ್ಲ. ಅಲ್ಲಿಂದ ಬಂದ ವರದಿಯಲ್ಲಿ ಪಕ್ಕದ ಕಾಲಂನಲ್ಲಿ ಅಚ್ಚಾಗಿರುವ ‘ನಾರ್ಮಲ್’ ಮಿತಿ ಮನುಷ್ಯರದು. ಅದನ್ನು ನಾಯಿಗೆ ಹೋಲಿಸಿ ಗಾಬರಿಯಾಗುವುದೂ ತಪ್ಪು, ನೆಮ್ಮದಿಪಡುವುದೂ ತಪ್ಪು.

ಈಗ ಮುಖ್ಯ ಮಾತು. ಸ್ನ್ಯಾಪ್ ಕಿಟ್‌ನಲ್ಲಿ ಎರಡು ಚುಕ್ಕೆಗಳನ್ನು ಹೋಲಿಸುತ್ತಾರೆ. ನಾಯಿಯ ಸೀರಮ್‌ನ ಚುಕ್ಕೆ ಮಾದರಿ ಚುಕ್ಕೆಗಿಂತ ತಿಳಿಯಾಗಿದ್ದರೆ ಸಹಜ, ಅಷ್ಟೇ ಗಾಢ ಅಥವಾ ಇನ್ನೂ ಗಾಢವಾಗಿದ್ದರೆ ಅಸಹಜ. ಈ ‘ಅಸಹಜ’ ಲೀಟರಿಗೆ 200 ಮೈಕ್ರೋಗ್ರಾಂನಿಂದಲೇ ಶುರುವಾಗುತ್ತದೆ. ಆದರೆ ಅಂಕಿ ಕೊಡುವ ಪರೀಕ್ಷೆಯಲ್ಲಿ 200ರವರೆಗೆ ಸಹಜ, 400 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಉರಿಯೂತಕ್ಕೆ ಹೊಂದುವ ಮಟ್ಟ, ನಡುವಿನದು ಅನುಮಾನದ ವಲಯ. ಅಂದರೆ ಕಿಟ್‌ನ ಒಂದೇ ನೀಲಿ ಚುಕ್ಕೆಯೊಳಗೆ 210ರ ನಾಯಿಯೂ ಇದೆ, 1000ದ ನಾಯಿಯೂ ಇದೆ. ಕಿಟ್ ತಯಾರಿಸಿದವರೇ ಚುಕ್ಕೆ ಗಾಢವಾದರೆ ಅಂಕಿಯ ಪರೀಕ್ಷೆ ಮಾಡಿಸಿ ಎನ್ನುತ್ತಾರೆ. ಆ ಎರಡನೆಯ ಪರೀಕ್ಷೆಯೇ ಬಹಳ ಸಲ ಬಿಟ್ಟುಹೋಗುವುದು.

ಲೆಕ್ಕ ಹಾಕಿ ನೋಡೋಣ. 2012ರಲ್ಲಿ ಪ್ರಕಟವಾದ, ಹಲವು ಆಸ್ಪತ್ರೆಗಳ ನಾಯಿಗಳನ್ನು ಒಳಗೊಂಡ ಅಧ್ಯಯನವೊಂದರಲ್ಲಿ ಸ್ನ್ಯಾಪ್ ಕಿಟ್ ಕಾಯಿಲೆಯಿದ್ದ ನಾಯಿಗಳಲ್ಲಿ ಶೇ 90ಕ್ಕೂ ಹೆಚ್ಚನ್ನು ಹಿಡಿಯಿತು. ಕಾಯಿಲೆಯಿಲ್ಲದ ನಾಯಿಗಳನ್ನು ‘ಇಲ್ಲ’ ಎಂದು ಸರಿಯಾಗಿ ಹೇಳಿದ್ದು ಮಾತ್ರ ಶೇ 70ರಿಂದ 80ರೊಳಗೆ. ವಾಂತಿ ಮಾಡುವ 100 ನಾಯಿಗಳಲ್ಲಿ 10ಕ್ಕೆ ಮಾತ್ರ ನಿಜಕ್ಕೂ ಮೇದೋಜೀರಕದ ಉರಿಯೂತವಿದೆ ಎಂದಿಟ್ಟುಕೊಳ್ಳಿ (ಇದು ಲೆಕ್ಕಕ್ಕಾಗಿ ಹಿಡಿದ ಸಂಖ್ಯೆ). ಕಿಟ್ ಆ 10ರಲ್ಲಿ 9ನ್ನು ಹಿಡಿಯುತ್ತದೆ. ಉಳಿದ 90ರಲ್ಲಿ ಸುಮಾರು 22ಕ್ಕೆ ಸುಮ್ಮನೆ ಗಾಢ ಚುಕ್ಕೆ ಮೂಡುತ್ತದೆ. ಒಟ್ಟು 31 ಪಾಸಿಟಿವ್, ಅವುಗಳಲ್ಲಿ ನಿಜವಾದದ್ದು 9. ಮೂರರಲ್ಲಿ ಒಂದೂ ಇಲ್ಲ. ಉಳಿದ 22 ನಾಯಿಗಳು ವಾಂತಿ ಮಾಡುತ್ತಿರುವುದಂತೂ ಸುಳ್ಳಲ್ಲವಲ್ಲ, ಅವುಗಳ ಕಾರಣ ಬೇರೆಲ್ಲೋ ಇದೆ. ಮಾವಿನ ವಾಟೆಯೋ ಜೋಳದ ದಿಂಡೋ ಕಾಲುಚೀಲವೋ ಕರುಳಿಗೆ ಅಡ್ಡ ಸಿಕ್ಕಿಕೊಂಡಿರಬಹುದು. ಲಸಿಕೆ ಹಾಕಿಸದ ಮರಿಗೆ ಪಾರ್ವೋ ಇರಬಹುದು. ಸಂತಾನಹರಣ ಮಾಡಿಸದ ಹೆಣ್ಣುನಾಯಿ ಬೆದೆಗೆ ಬಂದು ಕೆಲವು ವಾರ ಕಳೆದಿದ್ದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಮೂತ್ರಪಿಂಡ ಸೋತಿರಬಹುದು, ಉಣ್ಣೆಯಿಂದ ಹರಡುವ ಜ್ವರ ಇರಬಹುದು. ಇಷ್ಟೇ ಅಲ್ಲ, ಹೊಟ್ಟೆಯ ಬೇರೆ ತುರ್ತು ಕಾಯಿಲೆಗಳಿರುವ ನಾಯಿಗಳಲ್ಲೂ ಈ ಪ್ರೋಟೀನ್ ಏರಿರುವುದು ಕಂಡುಬಂದಿದೆ. ಪಕ್ಕದ ಕರುಳು ಕೆಟ್ಟರೆ ಮೇದೋಜೀರಕ ತಣ್ಣಗೆ ಕೂರುವುದಿಲ್ಲ. ಹಾಗಾಗಿ ಚುಕ್ಕೆ ನಿಜವೇ ಆಗಿದ್ದು, ಮೂಲ ಕಾರಣ ಕರುಳಿನಲ್ಲಿ ಸಿಕ್ಕ ವಾಟೆಯೇ ಆಗಿರಲೂ ಸಾಕು. ಪಾಸಿಟಿವ್ ಬಂದ ಕೂಡಲೇ ಹುಡುಕಾಟ ನಿಲ್ಲಿಸುವುದು ನನ್ನ ದೃಷ್ಟಿಯಲ್ಲಿ ಪರೀಕ್ಷೆಯನ್ನೇ ಮಾಡಿಸದಿರುವುದಕ್ಕಿಂತ ಅಪಾಯಕಾರಿ. ಪರೀಕ್ಷೆ ಮಾಡಿಸದವರು ಕನಿಷ್ಠ ಹುಡುಕುತ್ತಲಾದರೂ ಇರುತ್ತಾರೆ.

ಹಾಗಾಗಿ ಚುಕ್ಕೆ ಗಾಢವಾದರೆ ವೈದ್ಯರಲ್ಲಿ ಕೇಳಬೇಕಾದದ್ದು ಇದು: ಹೊಟ್ಟೆಯ ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡ್‌ನಲ್ಲಿ ಕರುಳಿನ ಅಡಚಣೆ ಇಲ್ಲವೆಂದು ನೋಡಿದ್ದಾರೆಯೇ? ಜೋಳದ ದಿಂಡು, ಬಟ್ಟೆ ಎಕ್ಸ್‌ರೇಯಲ್ಲಿ ಕಣ್ಣಿಗೆ ಬೀಳದೇ ಹೋಗಬಹುದು, ಆದ್ದರಿಂದ ಮನೆಯಲ್ಲಿ ಏನಾದರೂ ಕಾಣೆಯಾಗಿದ್ದರೆ ಮುಜುಗರಪಡದೆ ಹೇಳಿ. ಕಸದ ಬುಟ್ಟಿ ಕೆದರಿದ್ದು, ಹಬ್ಬದ ಊಟದ ಉಳಿಕೆಯಲ್ಲಿ ಕುರಿಯ ಕೊಬ್ಬು ಹಾಕಿದ್ದು, ಅಪಸ್ಮಾರಕ್ಕೆ ಪೊಟ್ಯಾಸಿಯಂ ಬ್ರೋಮೈಡ್ ಅಥವಾ ಫಿನೊಬಾರ್ಬಿಟಾಲ್ ಕೊಡುತ್ತಿರುವುದು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದೊಯ್ಯುವುದು ಒಳ್ಳೆಯದು. ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಮೇಲೆತ್ತಿ ನಿಲ್ಲುವುದು ಹೊಟ್ಟೆನೋವಿನ ಲಕ್ಷಣ. ಕಂಡರೆ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ, ಕ್ಲಿನಿಕ್ಕಿನ ಮೇಜಿನ ಮೇಲೆ ನಾಯಿ ಅದನ್ನು ಮಾಡಿ ತೋರಿಸುವುದಿಲ್ಲ. ಮಿನಿಯೇಚರ್ ಷ್ನೌಜರ್‌ನಂಥ, ರಕ್ತದಲ್ಲಿ ಕೊಬ್ಬು ಹೆಚ್ಚಿರುವ ತಳಿಯಾದರೆ ಅನುಮಾನಕ್ಕೆ ತೂಕ ಹೆಚ್ಚು.

ಇಲ್ಲಿ ಎರಡು ಆಕ್ಷೇಪಣೆ ಬರುತ್ತವೆ. ಒಂದು, ಹೀಗೆ ತಪ್ಪುವ ಪರೀಕ್ಷೆ ಮತ್ತೇಕೆ? ಅದೇ ಲೆಕ್ಕವನ್ನು ತಿರುಗಿಸಿ ನೋಡಿ. ಚುಕ್ಕೆ ತಿಳಿಯಾಗಿ ಬಂದ 69 ನಾಯಿಗಳಲ್ಲಿ ಕಾಯಿಲೆ ಇರುವುದು ಒಂದಕ್ಕೆ. ‘ಇಲ್ಲ’ ಎನ್ನುವುದರಲ್ಲಿ ಈ ಕಿಟ್‌ನ ಬಲವಿದೆ. ಕಾರಣ ಬೇರೆಡೆ ಹುಡುಕಿ ಎಂದು ಬೇಗ ಹೇಳಿಬಿಡುವುದೇ ಅದರ ಉಪಕಾರ. ಇನ್ನೊಂದು ಆಕ್ಷೇಪಣೆ ಹೆಚ್ಚು ಗಟ್ಟಿಯಾದದ್ದು: ಕಾಯಿಲೆ ಯಾವುದೇ ಇರಲಿ, ಮೊದಲು ಕೊಡುವುದು ಡ್ರಿಪ್, ವಾಂತಿ ನಿಲ್ಲಿಸುವ ಔಷಧ, ನೋವಿನ ಔಷಧವೇ ಅಲ್ಲವೇ, ಹೆಸರಿನಿಂದೇನು? ಮೊದಲ ದಿನಕ್ಕೆ ಈ ಮಾತು ಒಪ್ಪತಕ್ಕದ್ದೇ, ಹೆಸರಿಗಾಗಿ ಚಿಕಿತ್ಸೆ ಕಾಯಬಾರದು. ಎರಡನೆಯ ದಿನಕ್ಕೆ ಒಪ್ಪಲಾಗದು. ಅಡಚಣೆಗೆ, ಕೀವು ತುಂಬಿದ ಗರ್ಭಕೋಶಕ್ಕೆ ಬೇಕಾದದ್ದು ಶಸ್ತ್ರಚಿಕಿತ್ಸೆ, ಡ್ರಿಪ್ ಅವನ್ನು ಮರೆಮಾಚುತ್ತದೆ ಅಷ್ಟೇ. ಗುಣವಾದ ಮೇಲೂ ಹೆಸರಿನ ಭಾರ ಉಳಿಯುತ್ತದೆ. ಎಂದೋ ಮೂಡಿದ ಒಂದು ಚುಕ್ಕೆಯ ಆಧಾರದಲ್ಲಿ ನಾಯಿ ವರ್ಷಗಟ್ಟಲೆ ಸಪ್ಪೆ ಪಥ್ಯ ತಿನ್ನುತ್ತದೆ, ಮುಂದಿನ ಸಲ ವಾಂತಿಯಾದಾಗ ‘ಹಳೆಯದೇ’ ಎಂದು ಮನೆಯವರೇ ತೀರ್ಪು ಕೊಟ್ಟುಬಿಡುತ್ತಾರೆ.

ಅಂಕಿಯ ವರದಿ ಬಂದಿದ್ದರೂ ಅಂಕಿಯ ಗಾತ್ರದಿಂದ ಕಾಯಿಲೆಯ ತೀವ್ರತೆ ಅಳೆಯಬೇಡಿ. ನಾಯಿ ಎಷ್ಟು ಬಳಲಿದೆ ಎಂಬುದನ್ನು ನೀರಿನಂಶ, ನಾಡಿ, ಮೂತ್ರ, ಊಟ ಹೇಳುತ್ತವೆ. ಚಿಕಿತ್ಸೆ ಹಿಡಿಯುತ್ತಿದೆಯೇ ಎಂದು ರಕ್ತದಲ್ಲಿ ನೋಡಬೇಕೆಂದರೆ ಸಿ-ರಿಯಾಕ್ಟಿವ್ ಪ್ರೋಟೀನ್ ಇದೆ. ಅದು ಉರಿಯೂತದೊಂದಿಗೆ ಬೇಗ ಏರಿ ಬೇಗ ಇಳಿಯುತ್ತದೆ, ಆದರೆ ಉರಿಯೂತ ಯಾವ ಅಂಗದ್ದು ಎಂದು ಹೇಳುವುದಿಲ್ಲ. 200 ಮತ್ತು 400ರ ನಡುವೆ ಬಂದಿದ್ದು ಲಕ್ಷಣ ಮುಂದುವರಿದರೆ ವೈದ್ಯರು ಹೇಳಿದ ಅಂತರದಲ್ಲಿ ಮತ್ತೊಮ್ಮೆ ರಕ್ತ ಕೊಡಿ. ಅಂದಹಾಗೆ, ಉರಿಯೂತವೆಂದರೆ ಉಪವಾಸ ಎಂಬ ಹಳೆಯ ಪದ್ಧತಿ ಈಗ ಇಲ್ಲ. ವಾಂತಿ ಹಿಡಿತಕ್ಕೆ ಬಂದೊಡನೆ ಕಡಿಮೆ ಕೊಬ್ಬಿನ ಆಹಾರ ಶುರುಮಾಡುತ್ತಾರೆ.

ಕೊನೆಗೆ, ಈ ಉರಿಯೂತಕ್ಕೆ ಪೂರ್ತಿ ತದ್ವಿರುದ್ಧವಾದ ಕಾಯಿಲೆ: ಗ್ರಂಥಿ ಸವೆದು ಜೀರ್ಣರಸವೇ ಸಾಲದಾಗುವುದು. ಜರ್ಮನ್ ಶೆಫರ್ಡ್‌ಗಳಲ್ಲಿ ಹೆಚ್ಚು. ನಾಯಿ ಬಕಾಸುರನಂತೆ ತಿಂದೂ ಸೊರಗುತ್ತದೆ, ಮಲ ರಾಶಿಯಾಗಿ ಜಿಡ್ಡುಜಿಡ್ಡಾಗಿ ಬೀಳುತ್ತದೆ. ಇದಕ್ಕೆ ಕೇಳಬೇಕಾದದ್ದು ಪಿಎಲ್‌ಐ ಅಲ್ಲ, ರಕ್ತದಲ್ಲಿನ ಟ್ರಿಪ್ಸಿನೋಜನ್ ಅಳೆಯುವ ಟಿಎಲ್‌ಐ. 8ರಿಂದ 12 ಗಂಟೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು. ಲೀಟರಿಗೆ 2.5 ಮೈಕ್ರೋಗ್ರಾಂಗಿಂತ ಕಡಿಮೆ ಬಂದರೆ ಕಾಯಿಲೆ ಖಚಿತ, 5.7ರ ಮೇಲೆ ಸಹಜ, ನಡುವೆ ಬಂದರೆ ಮತ್ತೆ ಪರೀಕ್ಷೆ. ಚಿಕಿತ್ಸೆಗೆಂದು ಕಿಣ್ವದ ಪುಡಿ ಈಗಾಗಲೇ ಕೊಡುತ್ತಿದ್ದರೂ ಅಡ್ಡಿಯಿಲ್ಲ, ಫಲಿತಾಂಶ ಕೆಡುವುದಿಲ್ಲ. ಅದೇ ರಕ್ತದಲ್ಲಿ ಬಿ12 ಕೂಡ ನೋಡಿಸಿ, ಈ ನಾಯಿಗಳಲ್ಲಿ ಅದರ ಕೊರತೆ ಸಾಮಾನ್ಯ. ಕೊರತೆ ತುಂಬದಿದ್ದರೆ ಕಿಣ್ವ ಕೊಟ್ಟರೂ ಮೈ ಹಿಡಿಯುವುದು ಕಷ್ಟ. ಕಿಣ್ವವನ್ನು ಲೇಪನವಿಲ್ಲದ ಪುಡಿಯ ರೂಪದಲ್ಲಿ ಪ್ರತಿ ಊಟಕ್ಕೂ ಬೆರೆಸಬೇಕು.